ಕೂದಲಿನ ಔಷಧಿಯೂ ಔಷಧಿಯೇ

ನಮ್ಮ ಕರಾವಳಿಯ ಕೆಥೋಲಿಕ್ ಕುಟುಂಬಗಳಲ್ಲಿ ಮದುವೆಯ ಮುನ್ನಾದಿನದ ರೋಸ್ ಎಂದರೆ ಅದೊಂದು ವಿಶೇಷ ಸಂಭ್ರಮ. ಚಪ್ಪರದ ಕೆಳಗೆ ಮದುಮಗನನ್ನು ಕುಳ್ಳಿರಿಸಿ, ಬಂಧುಗಳು ಹಿರಿಕಿರಿಯರೆನ್ನದೆ ಸಾಲಾಗಿ ಬಂದು ಎಣ್ಣೆ ಹಚ್ಚಿ, ನೆತ್ತಿಯ ಮೇಲೆ ತೆಂಗಿನ ಹಾಲೆರೆದು ಹರಸುತ್ತಾರೆ. ಆ ಹೊತ್ತಿನಲ್ಲಿ ಎಲ್ಲರ ದೃಷ್ಟಿಯೂ ಮದುಮಗನ ತಲೆಯ ಮೇಲೆಯೇ. ತಲೆಯಲ್ಲಿ ಕೂದಲು ವಿರಳವಾಗಿದ್ದರೆ ಕುಳಿತವನ ಮನಸ್ಸಿನಲ್ಲಿ ಏನು ನಡೆಯುತ್ತಿರುತ್ತದೆ ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಕಾಪು ಪರಿಸರದ ನಮ್ಮ ಬಂಧುವೊಬ್ಬನ ಮದುವೆಗೆ ಮುನ್ನ ನಡೆದ ಸಂಗತಿಯಿದು. ಕೊಲ್ಲಿ ರಾಷ್ಟ್ರವೊಂದರಲ್ಲಿ ದುಡಿಯುತ್ತಿದ್ದ ಈತನಿಗೆ ಮೂವತ್ತೆರಡರ ವಯಸ್ಸು. ಎರಡು ವರ್ಷಗಳಿಂದ ರಕ್ತದೊತ್ತಡಕ್ಕೆ ಮಾತ್ರೆ ಸೇವಿಸುತ್ತಿದ್ದ. ಮದುವೆಗೆಂದು ಊರಿಗೆ ಬಂದವನ ಪಾದಗಳು ಊದಿಕೊಂಡವು. ಮೆಟ್ಟಿಲು ಹತ್ತಿದರೆ ಎದೆ ಢವಗುಟ್ಟುತ್ತಿತ್ತು. ವೈದ್ಯರು ಪರೀಕ್ಷಿಸಿ, "ರಕ್ತದೊತ್ತಡದ ಮಾತ್ರೆಯ ಹೊರತು ಬೇರೇನಾದರೂ ತೆಗೆದುಕೊಳ್ಳುತ್ತಿದ್ದೀರಾ?" ಎಂದು ವಿಚಾರಿಸಿದರು. "ಇಲ್ಲ ಡಾಕ್ಟರೇ" ಎಂಬ ಉತ್ತರ ಬಂತು. ಇ.ಸಿ.ಜಿ. ತೆಗೆಸಿದ್ದಾಯಿತು, ಮೂತ್ರಪಿಂಡದ ಪರೀಕ್ಷೆಯಾಯಿತು. ರಕ್ತದೊತ್ತಡದ ಕೆಲವು ಮಾತ್ರೆಗಳಿಂದಲೂ ಪಾದ ಊದುವುದುಂಟು. ಅದೇ ಕಾರಣವಿರಬಹುದೆಂದು ವೈದ್ಯರು ಆ ಮಾತ್ರೆಯನ್ನು ಬದಲಿಸಿದರು. ಊತ ಇಳಿಯಲಿಲ್ಲ.

ಕೊನೆಗೆ ಬಟ್ಟೆ ಒಗೆಯಲೆಂದು ಮಗನ ಚೀಲ ತೆರೆದ ತಾಯಿಗೆ ಇನ್ನೊಂದು ಮಾತ್ರೆಯ ಪಟ್ಟಿ ಸಿಕ್ಕಿತು. "ಇದೇನು ಮಗಾ?" ಎಂದು ಕೇಳಿದಾಗ ಅವನೆಂದ: "ಅದು ಕೂದಲಿನದ್ದು ಮಮ್ಮಿ, ಔಷಧಿಯಲ್ಲ."

ತಾಯಿ ಹೆಚ್ಚು ಮಾತಾಡದೆ ಆ ಪಟ್ಟಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಮಗನೊಡನೆ ವೈದ್ಯರ ಬಳಿಗೆ ನಡೆದರು. ಅದು ಮಿನೊಕ್ಸಿಡಿಲ್ ಎಂಬ ಮಾತ್ರೆ. ಕೊಠಡಿಯ ಗೆಳೆಯನೊಬ್ಬನ ಸಲಹೆಯಂತೆ ಆರು ತಿಂಗಳಿಂದ ನುಂಗುತ್ತಿದ್ದನಂತೆ. ವೈದ್ಯರ ಮಾರ್ಗದರ್ಶನದಲ್ಲಿ ಅದನ್ನು ನಿಲ್ಲಿಸಿದ ಮೇಲೆ ಊತ ಇಳಿಯಿತು, ಎದೆಬಡಿತವೂ ಹತೋಟಿಗೆ ಬಂತು.

"ಔಷಧಿಯಲ್ಲ" ಎಂಬ ಆ ಒಂದು ಮಾತೇ ಈ ಬರಹಕ್ಕೆ ಕಾರಣ. ಕೂದಲು ಉದುರುವುದನ್ನು ತಡೆಯಲು ಚಿಕಿತ್ಸೆ ಪಡೆಯುವುದು ತಪ್ಪೂ ಅಲ್ಲ, ನಾಚಿಕೆಯ ವಿಷಯವೂ ಅಲ್ಲ. ಆದರೆ ಬೇರೊಂದು ಕಾಯಿಲೆಯಿರುವವರು ಅದನ್ನು ಗುಟ್ಟಾಗಿ ಮಾಡಿದರೆ ಅಪಾಯ ತಪ್ಪಿದ್ದಲ್ಲ.

ಗುಟ್ಟಿಗೆ ಕಾರಣ

ಬೊಕ್ಕತಲೆಯನ್ನು ನಗೆಯ ವಸ್ತುವನ್ನಾಗಿಸುವುದು ನಮ್ಮ ಸಮಾಜದ ಹಳೆಯ ಚಾಳಿ. ಮಂಗಳೂರಿನ ಹಿನ್ನೆಲೆಯಲ್ಲಿ ರಾಜ್ ಬಿ. ಶೆಟ್ಟಿಯವರು ನಿರ್ದೇಶಿಸಿ ನಟಿಸಿದ 'ಒಂದು ಮೊಟ್ಟೆಯ ಕಥೆ' ಚಲನಚಿತ್ರ 2017ರಲ್ಲಿ ತೆರೆಕಂಡಾಗ ಜನ ನಕ್ಕು ನಲಿದರು. ತಲೆಗೂದಲಿಲ್ಲದ ಕನ್ನಡ ಉಪನ್ಯಾಸಕನೊಬ್ಬನಿಗೆ ಹೆಣ್ಣು ಸಿಗದ ಸಂಕಟ ಅದರ ವಸ್ತು. ನಗುವಿನ ಹಿಂದಿನ ನೋವು ನಮ್ಮ ಅನೇಕ ಮನೆಗಳಲ್ಲಿಯೂ ಇದೆ. ಮದುವೆಯ ಮಾತುಕತೆಯಲ್ಲಿ ಭಾವಚಿತ್ರ ಕೈಬದಲಾಗುವಾಗ ಉದ್ಯೋಗ, ವಿದ್ಯೆಗಳ ಜತೆಗೆ ತಲೆಯೂ ಲೆಕ್ಕಕ್ಕೆ ಬರುತ್ತದೆ. ಇಂತಹ ಹಾಸ್ಯಕ್ಕೆ ಅಂಜಿದವರು ವೈದ್ಯರ ಬಳಿ ಹೋಗಲು ಹಿಂಜರಿದು, ಗೆಳೆಯರ ಮಾತಿಗೂ ಜಾಹೀರಾತಿಗೂ ಕಿವಿಗೊಡುತ್ತಾರೆ. ಹೆಣ್ಣುಮಕ್ಕಳ ಪಾಡಂತೂ ಇನ್ನೂ ಕಷ್ಟದ್ದು. ಬೈತಲೆ ಅಗಲವಾಗುತ್ತಿದೆಯೆಂದು ತಾಯಿಯ ಬಳಿಯೂ ಹೇಳಿಕೊಳ್ಳಲಾಗದೆ ಅವರು ಕೊರಗುತ್ತಾರೆ.

ಅನುವಂಶೀಯತೆ ಎಂದರೇನು?

ಮನುಷ್ಯನ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲುಗಳಿರುತ್ತವೆ. ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಷ್ಟು ಅವು ಬೆಳೆಯುತ್ತವೆ. ಪ್ರತಿಯೊಂದು ಕೂದಲೂ ಕೆಲವು ವರ್ಷ ಬೆಳೆದು, ಕೆಲವು ತಿಂಗಳು ವಿರಮಿಸಿ, ಬಳಿಕ ಉದುರಿ, ಅದೇ ಬುಡದಿಂದ ಹೊಸತಾಗಿ ಹುಟ್ಟುತ್ತದೆ. ಆದ್ದರಿಂದ ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ.

ಅನುವಂಶೀಯ ಕೂದಲು ನಷ್ಟದಲ್ಲಿ ಕೂದಲು ಉದುರುವುದಕ್ಕಿಂತಲೂ ಅದು ಸೊರಗುವುದೇ ಮುಖ್ಯ. ಪುರುಷ ಹಾರ್ಮೋನಿನಿಂದ ಉಂಟಾಗುವ ಡೈಹೈಡ್ರೋಟೆಸ್ಟೋಸ್ಟೆರೋನ್ ಎಂಬ ವಸ್ತುವಿನ ಪ್ರಭಾವದಿಂದ ಕೂದಲಿನ ಬುಡ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತ, ಹುಟ್ಟುವ ಕೂದಲು ತೆಳ್ಳಗಾಗುತ್ತ ಹೋಗುತ್ತದೆ. ಗಂಡಸರಲ್ಲಿ ಹಣೆಯ ಇಕ್ಕೆಲಗಳು ಹಿಂದೆ ಸರಿದು ನೆತ್ತಿ ಬಯಲಾಗುತ್ತದೆ. ಹೆಂಗಸರಲ್ಲಿ ಸಾಮಾನ್ಯವಾಗಿ ಮುಂದಲೆಯ ಅಂಚು ಹಾಗೆಯೇ ಉಳಿದು, ಬೈತಲೆಯ ಆಚೀಚೆ ತೆಳುವಾಗುತ್ತದೆ. ಅಮೆರಿಕದ ಅಂಗರಚನಾ ಶಾಸ್ತ್ರಜ್ಞ ಜೇಮ್ಸ್ ಹ್ಯಾಮಿಲ್ಟನ್ 1942ರಲ್ಲಿ ಪ್ರಕಟಿಸಿದ ಅಧ್ಯಯನವು ಇದಕ್ಕೆ ವಂಶವಾಹಿ ಹಾಗೂ ಹಾರ್ಮೋನು ಎರಡೂ ಸೇರಬೇಕೆಂಬುದನ್ನು ತೋರಿಸಿಕೊಟ್ಟಿತು.

ಬೊಕ್ಕತಲೆ ತಾಯಿಯ ತಂದೆಯಿಂದ ಬರುತ್ತದೆ ಎಂಬ ಮಾತು ಅರ್ಧ ಸತ್ಯ ಮಾತ್ರ. ತಾಯಿ, ತಂದೆ ಎರಡೂ ಕಡೆಯಿಂದ ಬರುವ ಅನೇಕ ವಂಶವಾಹಿಗಳು ಇದರಲ್ಲಿ ಪಾಲ್ಗೊಳ್ಳುತ್ತವೆ. ಕೊಲ್ಲಿಯಿಂದ ಮರಳಿದವರು ಅಲ್ಲಿನ ನೀರನ್ನು ದೂರುವುದುಂಟು. ನೀರು ಕೂದಲನ್ನು ಒರಟಾಗಿಸಬಹುದೇ ಹೊರತು, ಹಣೆ ಹಿಂದೆ ಸರಿಯುವ ಈ ಕ್ರಮಕ್ಕೆ ಅದು ಕಾರಣವಲ್ಲ. ಅಂತೆಯೇ ನಮ್ಮ ತೆಂಗಿನೆಣ್ಣೆ ಕೂದಲಿನ ಎಳೆಯನ್ನು ಕಾಪಾಡಬಲ್ಲದು. ಸೊರಗಿದ ಬುಡವನ್ನು ಮತ್ತೆ ಚಿಗುರಿಸುವ ಶಕ್ತಿ ಅದಕ್ಕಿಲ್ಲ.

ರಕ್ತದೊತ್ತಡದ ಮನೆಯಿಂದ ಬಂದದ್ದು

ಅನುವಂಶೀಯ ಕೂದಲು ನಷ್ಟಕ್ಕೆ ಹೆಚ್ಚಾಗಿ ಬಳಕೆಯಲ್ಲಿರುವ ಎರಡು ಔಷಧಿಗಳು ಮಿನೊಕ್ಸಿಡಿಲ್ ಹಾಗೂ ಫಿನಾಸ್ಟರೈಡ್. ಎರಡೂ ಮೂಲತಃ ಕೂದಲಿಗಾಗಿ ಹುಟ್ಟಿದವುಗಳಲ್ಲ. ಬೇರೆ ಕಾಯಿಲೆಗಳ ಮನೆಯಿಂದ ಇಲ್ಲಿಗೆ ಬಂದವು ಅವು. ತಮ್ಮ ತವರನ್ನು ಅವು ಮರೆತಿಲ್ಲವೆಂಬುದನ್ನು ನಾವು ಮರೆಯಬಾರದು.

ಮಿನೊಕ್ಸಿಡಿಲ್ ತೀವ್ರ ರಕ್ತದೊತ್ತಡದ ಮಾತ್ರೆಯಾಗಿ ಅಮೆರಿಕದಲ್ಲಿ 1979ರಲ್ಲಿ ಅನುಮೋದನೆ ಪಡೆಯಿತು. ಅದನ್ನು ಸೇವಿಸಿದ ರೋಗಿಗಳ ಮುಖ, ಕೈಗಳ ಮೇಲೆ ಕೂದಲು ಬೆಳೆಯತೊಡಗಿದಾಗ ವೈದ್ಯರ ಗಮನ ಆ ಕಡೆಗೆ ಹರಿಯಿತು. ತಲೆಗೆ ಹಚ್ಚುವ ದ್ರಾವಣ ಅಲ್ಲಿ 1988ರಲ್ಲಿ ಅನುಮೋದನೆಗೊಂಡಿತು. ದ್ರಾವಣವಾಗಿ ಹಚ್ಚಿದಾಗ ಆರೋಗ್ಯವಂತ ಚರ್ಮದ ಮೂಲಕ ರಕ್ತಕ್ಕೆ ಸೇರುವ ಪ್ರಮಾಣ ತೀರಾ ಅಲ್ಪ. ಆದರೆ ತಲೆಯಲ್ಲಿ ಗಾಯ, ಸೋರಿಯಾಸಿಸ್ ಅಥವಾ ಬಿಸಿಲಿನ ಸುಟ್ಟಗಾಯವಿದ್ದರೆ, ಇಲ್ಲವೇ ಬೇಗ ಫಲ ಬರಲೆಂದು ಹೇಳಿದ್ದಕ್ಕಿಂತ ಹೆಚ್ಚು ಸುರಿದುಕೊಂಡರೆ ಆ ಪ್ರಮಾಣ ಏರುತ್ತದೆ.

ಇತ್ತೀಚಿನ ವರ್ಷಗಳಲ್ಲಿ ಚರ್ಮರೋಗ ತಜ್ಞರು ಕಡಿಮೆ ಪ್ರಮಾಣದ ಮಿನೊಕ್ಸಿಡಿಲ್ ಮಾತ್ರೆಯನ್ನೂ ಕೂದಲಿಗಾಗಿ ಬರೆದುಕೊಡುತ್ತಿದ್ದಾರೆ. ತಜ್ಞರ ನಿಗಾವಣೆಯಲ್ಲಿ ಇದು ಅನೇಕರಿಗೆ ಪ್ರಯೋಜನ ನೀಡಿದೆ. ಆದರೆ ಇದು ರಕ್ತನಾಳಗಳನ್ನು ಹಿಗ್ಗಿಸುವ, ದೇಹದಲ್ಲಿ ಉಪ್ಪು, ನೀರನ್ನು ಹಿಡಿದಿಡುವ, ಎದೆಬಡಿತವನ್ನು ಹೆಚ್ಚಿಸುವ ಔಷಧಿ. ಹೃದ್ರೋಗಿಗಳು, ಮೂತ್ರಪಿಂಡದ ತೊಂದರೆಯುಳ್ಳವರು, ರಕ್ತದೊತ್ತಡಕ್ಕೆ ಈಗಾಗಲೇ ಮಾತ್ರೆ ಸೇವಿಸುವವರು ತಮ್ಮ ವೈದ್ಯರ ಒಪ್ಪಿಗೆಯಿಲ್ಲದೆ ಇದನ್ನು ಮುಟ್ಟಲೇಬಾರದು. ಪಾದ ಅಥವಾ ಮುಖದಲ್ಲಿ ಊತ, ಒಮ್ಮೆಲೇ ತೂಕ ಹೆಚ್ಚುವುದು, ತಲೆಸುತ್ತು, ಎದೆನೋವು, ಉಸಿರಾಟದ ತೊಂದರೆ ಕಂಡುಬಂದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಗರ್ಭಿಣಿಯರಿಗೂ ಹಾಲೂಡಿಸುವ ತಾಯಂದಿರಿಗೂ ಇದು ಸಲ್ಲದು. ಮನೆಯಲ್ಲಿ ಬೆಕ್ಕು ಸಾಕುವವರಿಗೊಂದು ಕಿವಿಮಾತು: ಈ ದ್ರಾವಣ ಬೆಕ್ಕಿನ ಪಾಲಿಗೆ ವಿಷ. ಹಚ್ಚಿದ ತಲೆಯನ್ನಾಗಲಿ ದಿಂಬನ್ನಾಗಲಿ ಅದು ನೆಕ್ಕದಂತೆ ನೋಡಿಕೊಳ್ಳಬೇಕು.

ಫಲಕ್ಕಾಗಿ ತಾಳ್ಮೆ ಬೇಕು. ಹಚ್ಚಲಾರಂಭಿಸಿದ ಮೊದಲ ಕೆಲವು ವಾರಗಳಲ್ಲಿ ಕೂದಲು ಇನ್ನಷ್ಟು ಉದುರುವುದುಂಟು. ಗುಣ ಕಾಣಲು ನಾಲ್ಕರಿಂದ ಆರು ತಿಂಗಳು ಹಿಡಿಯುತ್ತದೆ. ನಿಲ್ಲಿಸಿದರೆ ಗಳಿಸಿದ್ದು ಕೆಲವೇ ತಿಂಗಳಲ್ಲಿ ಕೈಬಿಡುತ್ತದೆ. ಹೀಗಾಗಿ ಇದು ಬಹುಕಾಲದ ಜತೆಗಾರನೆಂದು ತಿಳಿದೇ ಆರಂಭಿಸಬೇಕು. ಇನ್ನೊಂದು ಕಾಯಿಲೆಗೂ ಬಹುಕಾಲ ಮಾತ್ರೆ ಬೇಕಿದ್ದರೆ ಇಬ್ಬರು ಜತೆಗಾರರು ಹೊಂದಿಕೊಳ್ಳುವರೇ ಎಂದು ಮೊದಲೇ ವಿಚಾರಿಸುವುದು ವಿವೇಕ.

ಪ್ರಾಸ್ಟೇಟಿನ ಮಾತ್ರೆ ಮತ್ತು ರಕ್ತದಾನ

ಫಿನಾಸ್ಟರೈಡ್‌ನ ಕಥೆಯೂ ಸ್ವಾರಸ್ಯಕರ. ಡೊಮಿನಿಕನ್ ಗಣರಾಜ್ಯದ ಕೆಲವು ಕುಟುಂಬಗಳಲ್ಲಿ ಹುಟ್ಟಿನಿಂದಲೇ ಒಂದು ಕಿಣ್ವದ ಕೊರತೆಯುಳ್ಳ ಗಂಡಸರಿದ್ದರು. ಅವರ ಪ್ರಾಸ್ಟೇಟ್ ಗ್ರಂಥಿ ಚಿಕ್ಕದಾಗಿಯೇ ಉಳಿಯುತ್ತಿತ್ತು, ಹಣೆಯ ಕೂದಲು ಹಿಂದೆ ಸರಿಯುತ್ತಿರಲಿಲ್ಲ. ವೈದ್ಯೆ ಜೂಲಿಯಾನ್ ಇಂಪೆರಾಟೊ ಮೆಕ್‌ಗಿನ್ಲಿ ಮತ್ತು ಸಂಗಡಿಗರು 1974ರಲ್ಲಿ ಇದನ್ನು ವರದಿ ಮಾಡಿದರು. ಆ ಕಿಣ್ವವನ್ನು ತಡೆಯುವ ಔಷಧಿಯೇ ಫಿನಾಸ್ಟರೈಡ್. 1992ರಲ್ಲಿ 5 ಮಿಲಿಗ್ರಾಂ ಮಾತ್ರೆಯಾಗಿ ಪ್ರಾಸ್ಟೇಟ್ ಊತಕ್ಕೂ, 1997ರಲ್ಲಿ 1 ಮಿಲಿಗ್ರಾಂ ಮಾತ್ರೆಯಾಗಿ ಗಂಡಸರ ಕೂದಲು ನಷ್ಟಕ್ಕೂ ಅಮೆರಿಕದಲ್ಲಿ ಅದು ಅನುಮೋದನೆ ಪಡೆಯಿತು.

ಪ್ರಾಸ್ಟೇಟ್ ಕ್ಯಾನ್ಸರಿನ ಸುಳಿವಿಗಾಗಿ ಮಾಡುವ ಪಿ.ಎಸ್.ಎ. ಎಂಬ ರಕ್ತಪರೀಕ್ಷೆಯ ಅಂಕೆಯನ್ನು ಈ ಮಾತ್ರೆ ಸುಮಾರು ಅರ್ಧಕ್ಕೆ ಇಳಿಸುತ್ತದೆ. ನಿಜವಾಗಿ 5 ಇರಬೇಕಾದದ್ದು ವರದಿಯಲ್ಲಿ 2.5 ಎಂದು ಬರಬಹುದು. ಮಾತ್ರೆಯ ವಿಷಯ ತಿಳಿದ ವೈದ್ಯರು ಅಂಕೆಯನ್ನು ಇಮ್ಮಡಿಗೊಳಿಸಿ ಓದುತ್ತಾರೆ. ತಿಳಿಯದವರು "ಎಲ್ಲವೂ ಸರಿಯಿದೆ" ಎಂದು ಕಳುಹಿಸಿಬಿಡುವ ಸಾಧ್ಯತೆಯಿದೆ. ಐವತ್ತು ದಾಟಿದವರು ಈ ಮಾತನ್ನು ವಿಶೇಷವಾಗಿ ಗಮನಿಸಬೇಕು.

ಯಕೃತ್ತಿನ ಕಾಯಿಲೆಯುಳ್ಳವರು ಮೊದಲೇ ತಿಳಿಸಬೇಕು. ಈ ಔಷಧಿ ಜೀರ್ಣಗೊಳ್ಳುವುದು ಅಲ್ಲಿಯೇ. ಕೆಲವರಲ್ಲಿ ದಾಂಪತ್ಯದ ಆಸಕ್ತಿ ಕುಂದುವುದುಂಟು. ನಿಲ್ಲಿಸಿದ ಮೇಲೂ ಅದು ಮುಂದುವರಿದ ವರದಿಗಳಿವೆ. ವೀರ್ಯದ ಗುಣಮಟ್ಟ ಕುಸಿದು, ಮಾತ್ರೆ ನಿಲ್ಲಿಸಿದಾಗ ಸುಧಾರಿಸಿದ ಉದಾಹರಣೆಗಳೂ ಇವೆ. ಮಗುವಿನ ನಿರೀಕ್ಷೆಯಲ್ಲಿರುವ ದಂಪತಿಗಳು ಇದನ್ನು ವೈದ್ಯರೊಡನೆ ಮುಕ್ತವಾಗಿ ಮಾತಾಡಬೇಕು. ಆತ್ಮಹತ್ಯೆಯ ಯೋಚನೆಗಳು ಈ ಮಾತ್ರೆಯ ಅಡ್ಡಪರಿಣಾಮವಾಗಿರುವುದನ್ನು ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2025ರಲ್ಲಿ ದೃಢಪಡಿಸಿತು. ಆದುದರಿಂದ ಖಿನ್ನತೆಗೆ ಚಿಕಿತ್ಸೆ ಪಡೆಯುತ್ತಿರುವವರು, ಹಿಂದೆ ಪಡೆದವರು ಅದನ್ನು ಚರ್ಮರೋಗ ತಜ್ಞರಿಂದ ಮರೆಮಾಚಬಾರದು. ಮನಸ್ಸು ಕುಗ್ಗುತ್ತಿದೆಯೆಂದು ಕಂಡರೆ ಮಾತ್ರೆ ನಿಲ್ಲಿಸಿ ಕೂಡಲೇ ವೈದ್ಯರ ಬಳಿಗೆ ಹೋಗಬೇಕು. ಮನೆಯವರೂ ಅದರ ಮೇಲೆ ಒಂದು ಕಣ್ಣಿಟ್ಟಿರಬೇಕು.

ಗರ್ಭದಲ್ಲಿರುವ ಗಂಡು ಶಿಶುವಿನ ಜನನಾಂಗದ ಬೆಳವಣಿಗೆಗೆ ಫಿನಾಸ್ಟರೈಡ್ ಹಾನಿ ಮಾಡಬಲ್ಲದು. ಪುಡಿಯಾದ ಅಥವಾ ತುಂಡಾದ ಮಾತ್ರೆಯನ್ನು ಗರ್ಭಿಣಿಯರು ಕೈಯಿಂದಲೂ ಮುಟ್ಟಬಾರದು. ಮಿನೊಕ್ಸಿಡಿಲ್ ಜತೆ ಇದನ್ನು ಬೆರೆಸಿದ ದ್ರಾವಣಗಳೂ ಮಾರಾಟದಲ್ಲಿರುವುದರಿಂದ ಬಾಟಲಿಯ ಮೇಲಿನ ಬರಹವನ್ನು ಓದಿಯೇ ಕೊಳ್ಳಬೇಕು. ನಮ್ಮ ಚರ್ಚುಗಳ ಯುವ ಸಂಘಟನೆಗಳು ರಕ್ತದಾನ ಶಿಬಿರಗಳನ್ನು ಉತ್ಸಾಹದಿಂದ ನಡೆಸುತ್ತಿರುವುದು ಶ್ಲಾಘನೀಯ. ದಾನಿಗಳಿಗೆ ತಿಳಿದಿರಬೇಕಾದ ಅಂಶವೊಂದಿದೆ: ಫಿನಾಸ್ಟರೈಡ್ ಸೇವಿಸುವವರು ಕೊನೆಯ ಮಾತ್ರೆಯ ಬಳಿಕ ಒಂದು ತಿಂಗಳು ಕಳೆಯದೆ ರಕ್ತ ಕೊಡಬಾರದು. ಆ ರಕ್ತ ಗರ್ಭಿಣಿಯೊಬ್ಬರಿಗೆ ಸೇರೀತು ಎಂಬುದೇ ಇದರ ಕಾರಣ. ಶಿಬಿರದ ಅರ್ಜಿಯಲ್ಲಿ ಔಷಧಿಯ ಪ್ರಶ್ನೆಗೆ "ಇಲ್ಲ" ಎಂದು ಬರೆಯುವ ಮುನ್ನ ಕೂದಲಿನ ಮಾತ್ರೆಯನ್ನೂ ನೆನಪಿಸಿಕೊಳ್ಳಬೇಕು.

ಥೈರಾಯ್ಡ್, ರಕ್ತಹೀನತೆ, ಬಯೋಟಿನ್

ಹೆಂಗಸರಲ್ಲಿ ಕೂದಲು ಉದುರಿದಾಗಲೆಲ್ಲ ವಂಶವನ್ನೇ ದೂರುವಂತಿಲ್ಲ. ಥೈರಾಯ್ಡ್ ಗ್ರಂಥಿಯ ಮಂದಗತಿ, ಕಬ್ಬಿಣಾಂಶದ ಕೊರತೆ, ಪಿ.ಸಿ.ಒ.ಡಿ. ಇವೆಲ್ಲವೂ ಕೂದಲನ್ನು ಕಾಡುತ್ತವೆ. ಮಳೆಗಾಲದ ಡೆಂಗಿ ಅಥವಾ ಟೈಫಾಯ್ಡ್ ಜ್ವರ, ಕೋವಿಡ್, ಹೆರಿಗೆ ಇವುಗಳಾಗಿ ಎರಡು ಮೂರು ತಿಂಗಳ ಬಳಿಕ ಕೂದಲು ರಾಶಿಯಾಗಿ ಉದುರುವುದುಂಟು. ಅದು ಬಹುಮಟ್ಟಿಗೆ ತಾನಾಗಿಯೇ ಮರಳಿ ಬರುತ್ತದೆ. ಹಲವು ಬಾರಿ ಎರಡು ಕಾರಣಗಳು ಜತೆಯಾಗಿರುತ್ತವೆ. ಆದ್ದರಿಂದ ಮೊದಲು ರಕ್ತಪರೀಕ್ಷೆ, ಆಮೇಲೆ ಔಷಧಿ ಎಂಬ ಕ್ರಮ ಸರಿಯಾದುದು.

ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಥೈರಾಕ್ಸಿನ್ ಮಾತ್ರೆ ನುಂಗುವವರು ಕೂದಲಿಗೆಂದು ಕೊಟ್ಟ ಕಬ್ಬಿಣಾಂಶ ಅಥವಾ ಕ್ಯಾಲ್ಸಿಯಂ ಮಾತ್ರೆಯನ್ನು ಅದರೊಡನೆಯೇ ನುಂಗಿದರೆ ಥೈರಾಕ್ಸಿನ್ ದೇಹಕ್ಕೆ ಸರಿಯಾಗಿ ಸೇರುವುದಿಲ್ಲ. ಎರಡರ ನಡುವೆ ನಾಲ್ಕು ಗಂಟೆಗಳ ಅಂತರವಿರಬೇಕು.

ಇನ್ನೊಂದು ಬಯೋಟಿನ್. ಕೂದಲಿನ ಪುಷ್ಟಿಗೆಂದು ಮಾರುವ ಅನೇಕ ಮಾತ್ರೆಗಳಲ್ಲಿ ಈ ಜೀವಸತ್ವ 5ರಿಂದ 10 ಮಿಲಿಗ್ರಾಂನಷ್ಟು ಇರುತ್ತದೆ. ದೇಹಕ್ಕೆ ದಿನವೊಂದಕ್ಕೆ ಬೇಕಾದದ್ದು ಸುಮಾರು 30 ಮೈಕ್ರೋಗ್ರಾಂ ಮಾತ್ರ. ಅಂದರೆ 10 ಮಿಲಿಗ್ರಾಂ ಎಂದರೆ ಅಗತ್ಯಕ್ಕಿಂತ ಮುನ್ನೂರು ಪಟ್ಟಿಗೂ ಮಿಕ್ಕಿದ್ದು. ಇಷ್ಟು ಬಯೋಟಿನ್ ರಕ್ತದಲ್ಲಿದ್ದಾಗ ಕೆಲವು ಪ್ರಯೋಗಾಲಯ ವಿಧಾನಗಳಲ್ಲಿ ಥೈರಾಯ್ಡ್ ವರದಿ ತಪ್ಪಾಗಿ ಬರುತ್ತದೆ. ಮಂದಗತಿಯ ಗ್ರಂಥಿಯೂ ಅತಿವೇಗದ್ದೆಂದು ತೋರಿ, ಮಾತ್ರೆಯ ಪ್ರಮಾಣವನ್ನು ತಗ್ಗಿಸುವ ಪ್ರಮಾದವಾಗಬಹುದು. ಹೃದಯಾಘಾತವನ್ನು ಪತ್ತೆಹಚ್ಚುವ ಟ್ರೋಪೋನಿನ್ ಪರೀಕ್ಷೆಯೂ ಇದರಿಂದ ದಾರಿತಪ್ಪಬಲ್ಲದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ ಎಚ್ಚರಿಸಿತು. ಥೈರಾಯ್ಡ್ ಪರೀಕ್ಷೆಗೆ ಕನಿಷ್ಠ ಎರಡು ದಿನ ಮುಂಚೆ ಬಯೋಟಿನ್ ನಿಲ್ಲಿಸಿ, ಪ್ರಯೋಗಾಲಯದವರಿಗೂ ತಿಳಿಸುವುದು ಒಳ್ಳೆಯದು.

ಕೆಲವು ಹೆಂಗಸರಿಗೆ ತಜ್ಞರು ಸ್ಪಿರೊನೊಲ್ಯಾಕ್ಟೋನ್ ಎಂಬ ಮಾತ್ರೆ ಬರೆಯುತ್ತಾರೆ. ಅದು ರಕ್ತದಲ್ಲಿ ಪೊಟ್ಯಾಸಿಯಂ ಅಂಶವನ್ನು ಹೆಚ್ಚಿಸುತ್ತದೆ. ರಕ್ತದೊತ್ತಡದ ಕೆಲವು ಮಾತ್ರೆಗಳೂ ಅದನ್ನೇ ಮಾಡುತ್ತವೆ. ಎರಡೂ ಜತೆಗೂಡಿದರೆ, ಅದರಲ್ಲಿಯೂ ಮೂತ್ರಪಿಂಡ ದುರ್ಬಲವಾಗಿದ್ದರೆ, ಹೃದಯದ ಬಡಿತಕ್ಕೇ ಕುತ್ತು ಬರಬಹುದು. ಗರ್ಭಿಣಿಯರಿಗೆ ಈ ಮಾತ್ರೆ ನಿಷಿದ್ಧ.

ಕಸಿ ಮತ್ತು ಜಾಹೀರಾತು

ಕೂದಲು ಕಸಿ ಇಂದು ಸಾಮಾನ್ಯವಾಗಿದೆ. ಆದರೆ ಅದೊಂದು ಶಸ್ತ್ರಕ್ರಿಯೆ. ಮಧುಮೇಹ ಹತೋಟಿಯಲ್ಲಿಲ್ಲದವರಿಗೆ ಗಾಯ ಮಾಗುವುದು ತಡ. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರಿಗೆ ರಕ್ತಸ್ರಾವದ ಭಯ. ಹಾಗೆಂದು ಹೃದಯಕ್ಕಾಗಿ ಕೊಟ್ಟ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದು ಇನ್ನೂ ದೊಡ್ಡ ಅಪಾಯ. ತರಬೇತಿ ಪಡೆದ ನೋಂದಾಯಿತ ವೈದ್ಯರೇ ಈ ಶಸ್ತ್ರಕ್ರಿಯೆಯನ್ನು ನಡೆಸಬೇಕೆಂದೂ, ಯೂಟ್ಯೂಬ್ ನೋಡಿ ಕಲಿತದ್ದು ತರಬೇತಿಯಾಗದೆಂದೂ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಸ್ಪಷ್ಟಪಡಿಸಿದೆ.

ಬೋಳುತಲೆಯನ್ನು ಗುಣಪಡಿಸುವೆವೆಂದು ಔಷಧಿಯ ಮೇಲೆ ಹೇಳಿಕೊಳ್ಳುವಂತಿಲ್ಲ ಎಂಬ ನಿಯಮ ನಮ್ಮ ದೇಶದಲ್ಲಿದೆ. 1945ರ ಔಷಧ ಮತ್ತು ಸೌಂದರ್ಯವರ್ಧಕ ನಿಯಮಗಳ ಷೆಡ್ಯೂಲ್ ಜೆ ಪಟ್ಟಿಯಲ್ಲಿ ಬೋಳುತಲೆಯ ಹೆಸರಿದೆ. ಪೂರ್ಣ ಗುಣದ ಭರವಸೆ ನೀಡುವ ಜಾಹೀರಾತನ್ನು ನಂಬುವ ಮುನ್ನ ಇದನ್ನು ಜ್ಞಾಪಿಸಿಕೊಂಡರೆ ಸಾಕು.

ಒಂದೇ ಚೀಟಿ

ನಮ್ಮ ಜಿಲ್ಲೆ ಈ ವಿಷಯದಲ್ಲಿ ಅದೃಷ್ಟಶಾಲಿ. ಡಾ. ಟಿ.ಎಂ.ಎ. ಪೈಯವರು 1953ರಲ್ಲಿ ಸ್ಥಾಪಿಸಿದ ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜು, ಅದರ ಆಸ್ಪತ್ರೆ, ಉಡುಪಿಯ ಜಿಲ್ಲಾಸ್ಪತ್ರೆ, ಕಾರ್ಕಳದ ಟಿ.ಎಂ.ಎ. ಪೈ ರೋಟರಿ ಆಸ್ಪತ್ರೆ ಇವೆಲ್ಲ ಬಸ್ಸಿನ ದಾರಿಯಲ್ಲಿವೆ. ಆದರೆ ಇದರಲ್ಲಿಯೇ ಒಂದು ತೊಡಕೂ ಇದೆ. ರಕ್ತದೊತ್ತಡಕ್ಕೆ ಕಾರ್ಕಳದಲ್ಲಿ, ಥೈರಾಯ್ಡಿಗೆ ಉಡುಪಿಯಲ್ಲಿ, ಚರ್ಮಕ್ಕೆ ಮಣಿಪಾಲದಲ್ಲಿ, ತುರ್ತಿಗೆ ಕಾಪುವಿನ ಮನೆ ಸಮೀಪದ ವೈದ್ಯರಲ್ಲಿ ತೋರಿಸಿಕೊಳ್ಳುವ ನಮ್ಮ ಪದ್ಧತಿಯಲ್ಲಿ ಒಬ್ಬ ವೈದ್ಯರು ಬರೆದದ್ದು ಇನ್ನೊಬ್ಬರಿಗೆ ತಿಳಿಯುವುದಿಲ್ಲ. ಅದನ್ನು ತಿಳಿಸುವ ಹೊಣೆ ರೋಗಿಯದೇ ಆಗಿಬಿಡುತ್ತದೆ.

ಪರಿಹಾರ ಸರಳ. ಮನೆಯ ಪ್ರತಿಯೊಬ್ಬ ಸದಸ್ಯನ ಹೆಸರಿನಲ್ಲೂ ಒಂದು ಚೀಟಿ ಇರಲಿ. ಇರುವ ಕಾಯಿಲೆಗಳು, ನುಂಗುವ ಮಾತ್ರೆಗಳು, ಹಚ್ಚುವ ದ್ರಾವಣಗಳು, ಪುಷ್ಟಿಯ ಗುಳಿಗೆಗಳು, ನಾಟಿ ಮದ್ದುಗಳು ಎಲ್ಲವನ್ನೂ ಪ್ರಮಾಣ ಸಹಿತ ಅದರಲ್ಲಿ ಬರೆದಿಡಬೇಕು. ಯಾವ ವೈದ್ಯರ ಬಳಿ ಹೋದರೂ ಅದನ್ನು ಮೊದಲು ಮೇಜಿನ ಮೇಲಿಡಬೇಕು. ಕೊಲ್ಲಿಯಿಂದ ರಜೆಯಲ್ಲಿ ಬರುವವರು ಅಲ್ಲಿನ ಮಾತ್ರೆಗಳ ಪಟ್ಟಿಯನ್ನು ಹಾಗೆಯೇ ತರಬೇಕು. ಕಾಯಿಲೆಯ ಮಾತ್ರೆಯಿಂದಲೇ ಕೂದಲು ಉದುರುತ್ತಿದೆಯೆಂಬ ಸಂಶಯ ಬಂದರೂ ಅದನ್ನು ತಾವಾಗಿ ನಿಲ್ಲಿಸದೆ ವೈದ್ಯರನ್ನು ಕೇಳಬೇಕು. ಬದಲಿ ಮಾತ್ರೆ ಸಿಗುವುದುಂಟು. ಇವೆಲ್ಲಕ್ಕಿಂತ ಮುಖ್ಯವಾಗಿ, ಮನೆಯವರು ತಲೆಯ ಕುರಿತು ಹಾಸ್ಯಮಾಡುವುದನ್ನು ಬಿಡಬೇಕು. ಹಾಸ್ಯವಿಲ್ಲದ ಮನೆಯಲ್ಲಿ ಗುಟ್ಟಿಗೆ ಅವಕಾಶವಿರುವುದಿಲ್ಲ.

ಕಾಪುವಿನ ಆ ಮದುಮಗನ ರೋಸ್ ನಿಗದಿಯಾದ ದಿನವೇ ನಡೆಯಿತು. ಹಿರಿಯರು ಒಬ್ಬೊಬ್ಬರಾಗಿ ಬಂದು ಅದೇ ವಿರಳವಾದ ನೆತ್ತಿಗೆ ತೆಂಗಿನ ಹಾಲೆರೆದರು. ತಾಯಿಯ ಸರದಿ ಬಂದಾಗ ಆಕೆ ಎಣ್ಣೆಯ ಕೈಯನ್ನು ಮಗನ ತಲೆಯ ಮೇಲೆ ಸ್ವಲ್ಪ ಹೊತ್ತು ಹಾಗೆಯೇ ಇಟ್ಟುಕೊಂಡು ನಿಂತರು. ಬಳಿಕ ಬಗ್ಗಿ ಅವನ ಪಾದಗಳನ್ನು ನೋಡಿದರು. ಊತವಿರಲಿಲ್ಲ.